ಹಳೆಯ ಎಸ್‌ಯುವಿ ಮತ್ತು ಬೋರ್‌ವೆಲ್ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ತಿಂಗಳ ಹಿಂದೆ ಹನ್ನೆರಡು ವರ್ಷ ಹಳೆಯದಾದ, 1,40,000 ಕಿಲೋಮೀಟರ್ ಓಡಿರುವ ಏಳು ಸೀಟಿನ ಡೀಸೆಲ್ ಎಸ್‌ಯುವಿಯೊಂದನ್ನು ಕೊಂಡೆ. ಚಿಂತಾಮಣಿ ರಸ್ತೆಯಲ್ಲಿ ದಿನವೂ ಓಡಾಡುವಾಗ ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿರುತ್ತದೆ. ಆದರೆ ಮನೆಯವರೆಲ್ಲ ಸೇರಿ ಏಳು ಜನ ಎ.ಸಿ. ಹಾಕಿಕೊಂಡು ನಂದಿಬೆಟ್ಟ ಹತ್ತುವಾಗ ಅದು ಕೆಂಪು ಗೆರೆಯ ಹತ್ತಿರಕ್ಕೆ ಹೋಯಿತು. ನಿಲ್ಲಿಸಿ, ತಣಿದ ಮೇಲೆ ಒಂದೂವರೆ ಲೀಟರ್ ನೀರು ಹಾಕಿ ಹಿಂದಿರುಗಿದೆವು. ಟ್ಯಾಂಕಿನೊಳಗಿನ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಹಿಂದಿನ ಮಾಲೀಕರು ಯಾವಾಗಲೂ ಬೋರ್ ನೀರನ್ನೇ ಹಾಕುತ್ತಿದ್ದರಂತೆ. ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ನಾನು ಏನು ಮಾಡಬೇಕು?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ವಾಲ್ವ್ ತೆಗೆಸಬೇಡಿ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ತಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ: ಆ ಒಂದೂವರೆ ಲೀಟರ್ ನೀರು ಎಲ್ಲಿಗೆ ಹೋಯಿತು? ಎಂಜಿನ್ ತಣಿಸುವ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಬಿಸಿಯಾದಾಗ ಹಿಗ್ಗಿದ ನೀರು ಟ್ಯಾಂಕಿಗೆ ಬಂದು, ತಣಿದಾಗ ಅಲ್ಲಿಂದಲೇ ಹಿಂದಿರುಗಬೇಕು. ಸುಸ್ಥಿತಿಯಲ್ಲಿರುವ ಗಾಡಿಗೆ ತಿಂಗಳುಗಟ್ಟಲೆ ನೀರು ಹಾಕುವ ಅಗತ್ಯವೇ ಬೀಳುವುದಿಲ್ಲ. ವಾರಕ್ಕೊಮ್ಮೆ ಬಾನೆಟ್ ತೆರೆದು ನೀರು ತುಂಬುವುದನ್ನು ನಾವು ಕಾಳಜಿ ಎಂದುಕೊಂಡಿದ್ದೇವೆ, ಆದರೆ ಹಾಗೆ ತುಂಬಬೇಕಾಗಿ ಬಂದಿದೆ ಎಂಬುದೇ ಎಲ್ಲೋ ಸೋರಿಕೆ ಇದೆ ಎಂಬುದರ ಗುರುತು.

ಬೋರ್ ನೀರಿನಿಂದ ಆಗುವ ಹಾನಿಯೂ ಈ ಸೋರಿಕೆಯ ಜೊತೆಗೇ ಬೆಳೆಯುತ್ತದೆ. ನಮ್ಮ ಕಡೆಯ ಅನೇಕ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಆ ನೀರು ಎಷ್ಟು ಗಡಸು ಎಂಬುದನ್ನು ಬಚ್ಚಲುಮನೆಯ ಹಂಡೆಯೊಳಗೆ ಕಟ್ಟಿದ ಬಿಳಿ ಕಿಟ್ಟವೇ ತೋರಿಸುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 600ರವರೆಗೂ ಒಪ್ಪಬಹುದು. ಅಂತಹ ನೀರನ್ನು ಹತ್ತು ಲೀಟರ್ ತುಂಬಿದರೆ ಒಳಗೆ ಹೋಗುವುದು ಆರು ಗ್ರಾಂ ಲವಣ, ಅಷ್ಟೇ. ಒಂದು ಸಲಕ್ಕೆ ಇದು ದೊಡ್ಡದಲ್ಲ. ಆದರೆ ನೀರು ಆವಿಯಾಗಿ ಹೊರಗೆ ಹೋಗುವಾಗ ಲವಣ ಒಳಗೇ ಉಳಿಯುತ್ತದೆ, ಅದರ ಜಾಗಕ್ಕೆ ತಾವು ಹಾಕುವ ನೀರು ಹೊಸ ಲವಣವನ್ನು ತರುತ್ತದೆ, ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಗುಣವೆಂದರೆ ನೀರು ಬಿಸಿಯಾದಷ್ಟೂ ಅದು ಕರಗುವ ಪ್ರಮಾಣ ಕಡಿಮೆಯಾಗುತ್ತದೆ. ಆದ್ದರಿಂದ ಅದು ಸಿಲಿಂಡರ್ ಹೆಡ್ಡಿನ ಸುತ್ತ, ಅಂದರೆ ಎಲ್ಲಿ ತಣಿಸುವಿಕೆ ಅತಿ ಹೆಚ್ಚು ಬೇಕೋ ಅಲ್ಲಿಯೇ ಮೊದಲು ಕಟ್ಟುತ್ತದೆ. ಆ ಪದರ ಅಲ್ಯೂಮಿನಿಯಂಗಿಂತ ಹತ್ತಾರು ಪಟ್ಟು ಕಡಿಮೆ ಶಾಖವನ್ನು ಸಾಗಿಸುವುದರಿಂದ, ತೆಳ್ಳಗಿದ್ದರೂ ಎಂಜಿನ್ನಿಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ.

ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ, ಹಾಗಿರುವಾಗ ನೀರಿಗೆ ಬೆರೆಸಿ ಅದು ಹೆಪ್ಪುಗಟ್ಟದಂತೆ ಕಾಯುವ ಕೂಲೆಂಟ್ ಎಂಬ ದ್ರವ ಏಕೆ ಎಂದು ಅನೇಕರು ಕೇಳುತ್ತಾರೆ. ನಮಗೆ ಬೇಕಾಗಿರುವುದು ಅದರ ಇನ್ನೆರಡು ಗುಣಗಳು. ಅದರಲ್ಲಿರುವ ರಾಸಾಯನಿಕಗಳು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಕ್ಕು ಹಿಡಿಯದಂತೆ ಕಾಯುತ್ತವೆ. ತಮ್ಮ ಟ್ಯಾಂಕಿನ ಕಂದು ಬಣ್ಣ ಆ ರಕ್ಷಣೆ ಇಲ್ಲದೆ ಎಂಜಿನ್ನಿನ ಕಬ್ಬಿಣವೇ ಕರಗಿ ಬಂದಿರುವುದರ ಸಾಕ್ಷಿ. ಎರಡನೆಯದು ಕುದಿಯುವ ಬಿಂದು. ಸುಮಾರು 900 ಮೀಟರ್ ಎತ್ತರದಲ್ಲಿರುವ ಚಿಕ್ಕಬಳ್ಳಾಪುರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ 95ರ ಹತ್ತಿರ. ಎಂಜಿನ್ನಿನ ಸಹಜ ಶಾಖವೇ 85ರಿಂದ 95 ಡಿಗ್ರಿ ಇರುವಾಗ, ಬರಿ ನೀರು ಮತ್ತು ಒತ್ತಡ ಹಿಡಿಯದ ರೇಡಿಯೇಟರ್ ಮುಚ್ಚಳ ಒಟ್ಟಾದರೆ ಬೆಟ್ಟದ ಅರ್ಧ ದಾರಿಯಲ್ಲಿ ಕುದಿಯುವುದರಲ್ಲಿ ಆಶ್ಚರ್ಯವಿಲ್ಲ. ಅರ್ಧ ಎಥಿಲೀನ್ ಗ್ಲೈಕಾಲ್ (ಕೂಲೆಂಟಿನ ಮುಖ್ಯ ದ್ರವ), ಅರ್ಧ ಶುದ್ಧ ನೀರು ಇದ್ದು, ಸುಮಾರು ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಕುದಿಯುವ ಬಿಂದು 125 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಆದ್ದರಿಂದ ಮೊದಲು ಬದಲಾಯಿಸಬೇಕಾದದ್ದು ಆ ಮುಚ್ಚಳವನ್ನು. ಅದರ ರಬ್ಬರ್ ಗಟ್ಟಿಯಾಗಿ ಸ್ಪ್ರಿಂಗ್ ಸಡಿಲವಾಗಿದ್ದರೂ ಹೊರಗಿನಿಂದ ಕಾಣುವುದಿಲ್ಲ; ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಗೆ ಸರಿಯಾದ ಹೊಸದನ್ನೇ ತನ್ನಿ.

ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲಿಯೇ ಅರ್ಧ ಉತ್ತರವಿರುತ್ತದೆ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಬಿಸಿಯಾದರೆ ರೇಡಿಯೇಟರಿನ ಒಳಕೊಳವೆಗಳು ಕಟ್ಟಿರಬಹುದು ಅಥವಾ ವಾಟರ್ ಪಂಪ್ ಸೋತಿರಬಹುದು, ಏಕೆಂದರೆ ಅಲ್ಲಿ ಗಾಳಿಗೆ ಕೊರತೆಯಿಲ್ಲ. ತಮ್ಮ ಹಾಗೆ ನಿಧಾನವಾಗಿ, ಭಾರ ಹೊತ್ತು ಏರು ಹತ್ತುವಾಗ ಬಿಸಿಯಾದರೆ ಗಾಳಿಯನ್ನೂ ಸಂಶಯಿಸಬೇಕು. ಎಂಜಿನ್ ಉದ್ದಕ್ಕೆ ಕೂತಿರುವ ಹಳೆಯ ಡೀಸೆಲ್ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಬೆಲ್ಟಿನಿಂದ ತಿರುಗುವ ಫ್ಯಾನ್ ಇದ್ದು, ಅದರ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಈ ಕ್ಲಚ್ ಹಿಡಿದುಕೊಂಡು ಫ್ಯಾನ್ ಜೋರಾಗಿ ತಿರುಗಬೇಕು. ಎಣ್ಣೆ ಸೋರಿಹೋಗಿದ್ದರೆ ಫ್ಯಾನ್ ತಿರುಗುತ್ತಲೇ ಇದ್ದರೂ ಗಾಳಿ ಎಳೆಯುವುದಿಲ್ಲ. ಬಿಸಿ ಎಂಜಿನ್ನನ್ನು ಪೂರ್ತಿ ನಿಲ್ಲಿಸಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಗಟ್ಟಿಯಾಗಿ ತಡೆದರೆ ಕ್ಲಚ್ ಸರಿಯಿದೆ, ಸೈಕಲ್ ಚಕ್ರದಂತೆ ಸುತ್ತಿದರೆ ಅದನ್ನು ಬದಲಾಯಿಸಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಮಾತ್ರ ಈ ಪರೀಕ್ಷೆಗೆ ಕೈ ಹಾಕಲೇಬೇಡಿ, ಎಂಜಿನ್ ನಿಂತ ಮೇಲೂ ಅದು ತಾನಾಗಿಯೇ ತಿರುಗಲು ತೊಡಗಬಹುದು.

ಇನ್ನೊಂದು ವಿಷಯವನ್ನು ನಮ್ಮ ಜಿಲ್ಲೆಗಳವರಿಗೆ ವಿಶೇಷವಾಗಿ ಹೇಳಬೇಕು. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೆಯೇ ರಾಗಿ, ಹುರುಳಿಯ ಒಕ್ಕಣೆ ನಡೆಯುತ್ತದೆ. ಅದರ ಮೇಲೆ ಹಾದುಹೋಗುವ ಪ್ರತಿ ಗಾಡಿಯ ಮುಂಭಾಗಕ್ಕೆ ಹೊಟ್ಟು ಮತ್ತು ದೂಳು ನುಗ್ಗಿ, ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಕಿರಿದಾದ ಸಂದಿಯಲ್ಲಿ ಚಾಪೆಯಂತೆ ಕೂರುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತದೆ. ಹನ್ನೆರಡು ಸುಗ್ಗಿ ಕಂಡ ಗಾಡಿಯಲ್ಲಿ ಈ ಸಂದಿಯನ್ನು ಯಾರೂ ತೆರೆದು ನೋಡಿರದ ಸಂಭವವೇ ಹೆಚ್ಚು. ತೋಟಕ್ಕೆ ನೀರು ಬಿಡುವ ಪೈಪಿನ ಸಾಧಾರಣ ಒತ್ತಡದಲ್ಲಿ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಗಾಡಿ ತೊಳೆಯುವ ಜೋರಾದ ಪಂಪನ್ನು ಹತ್ತಿರ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ.

ಸೋರಿಕೆ ಹುಡುಕುವ ಕೆಲಸವನ್ನು ಕೂಲೆಂಟ್ ಬದಲಾಯಿಸುವುದಕ್ಕಿಂತ ಮೊದಲೇ ಮಾಡಿಸಿ. ರೇಡಿಯೇಟರಿಗೆ ಗಾಳಿ ತುಂಬುವ ಕೈಪಂಪು ಜೋಡಿಸಿ, ಮುಚ್ಚಳದ ಮೇಲಿನ ಅಂಕಿಯಷ್ಟು ಒತ್ತಡ ತುಂಬಿ ಕಾಲು ಗಂಟೆ ಬಿಟ್ಟರೆ ಮೀಟರಿನ ಮುಳ್ಳು ಇಳಿಯಬಾರದು. ಇಳಿದರೆ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಹೋಸ್ ಪೈಪುಗಳ ತುದಿ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಲೋಹಕ್ಕೆ ಸೇರುವ ಅಂಚು, ಒಳಗಿನ ಹೀಟರಿನ ಕೆಳಗಿನ ಕಾರ್ಪೆಟ್, ಇವನ್ನೆಲ್ಲ ನೋಡಬೇಕು. ಹೊರಗೆ ಎಲ್ಲೂ ಹನಿ ಕಾಣದೆ ನೀರು ಮಾತ್ರ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲು) ಅಥವಾ ಇ.ಜಿ.ಆರ್. ಕೂಲರನ್ನು (ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ) ಸಂಶಯಿಸಬೇಕಾಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಮೇಲಿನ ಹೋಸ್ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲಿಯೇ ಕಲ್ಲಿನಂತೆ ಗಟ್ಟಿಯಾಗುವುದು, ಟ್ಯಾಂಕಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುವುದು, ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಾಣುವುದು, ಇವು ಹೆಡ್ ಗ್ಯಾಸ್ಕೆಟ್ ಕೆಟ್ಟಿರುವುದರ ಲಕ್ಷಣಗಳು. ಒಮ್ಮೆ ಕೆಂಪು ಗೆರೆಯ ಹತ್ತಿರಕ್ಕೆ ಹೋಗಿಬಂದಿರುವ ಗಾಡಿಯಾದ್ದರಿಂದ ತಾವು ಈ ಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡಿ.

ಈಗ ವಾಲ್ವಿನ ಮಾತು. ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಸಣ್ಣ ಬಾಗಿಲು. ಎಂಜಿನ್ ಬೇಗ ಬಿಸಿಯಾಗಲೆಂದು ಮುಚ್ಚಿಕೊಂಡಿದ್ದು, 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆಯುತ್ತದೆ. ಅದನ್ನು ತೆಗೆದುಬಿಟ್ಟರೆ ಡೀಸೆಲ್ ಎಂಜಿನ್ ಸಮತಟ್ಟಾದ ರಸ್ತೆಯಲ್ಲಿ ಸದಾ ತಣ್ಣಗೇ ಓಡಿ, ಮೈಲೇಜ್ ಇಳಿದು, ಸಿಲಿಂಡರ್ ಹೆಚ್ಚು ಸವೆಯುತ್ತದೆ. ಅನೇಕ ಎಂಜಿನ್ನುಗಳಲ್ಲಿ ಅದೇ ವಾಲ್ವ್ ತೆರೆದುಕೊಳ್ಳುವಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥದ್ದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲಿಯೇ ಸುತ್ತಿ, ಏರಿನಲ್ಲಿ ಮೊದಲಿಗಿಂತ ಬೇಗ ಬಿಸಿಯಾಗುತ್ತದೆ. ಹೊಸ ವಾಲ್ವನ್ನೇ ಹಾಕಿಸಿ. ಕೂಡಿಸುವ ಮೊದಲು ಅದನ್ನು ಒಂದು ಪಾತ್ರೆ ನೀರಿನಲ್ಲಿ ಕಾಯಿಸಿ, ತೆರೆಯುವುದನ್ನು ಕಣ್ಣಾರೆ ನೋಡಬಹುದು.

ಕೊನೆಗೆ ತೊಳೆದು ತುಂಬುವ ಕೆಲಸ. ಎಂಜಿನ್ ತಣ್ಣಗಿರುವಾಗ ಕೆಳಗಿನ ತಿರುಪು ಬಿಚ್ಚಿ ಹಳೆಯದನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ವಾಲ್ವ್ ತೆರೆಯುವಷ್ಟು ಹೊತ್ತು ಓಡಿಸಿ, ತಣಿದ ಮೇಲೆ ಮತ್ತೆ ಇಳಿಸಬೇಕು; ಇಳಿಯುವ ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಹೀಗೆ ಮಾಡಬೇಕಾಗಬಹುದು. ಇಲ್ಲಿ ಬಹಳ ಜನ ಎಡವುವುದು ಒಂದು ಲೆಕ್ಕದಲ್ಲಿ. ಎಷ್ಟೇ ಇಳಿಸಿದರೂ ಬ್ಲಾಕಿನೊಳಗೆ ಕೆಲವು ಲೀಟರ್ ಬರಿ ನೀರು ಉಳಿದೇ ಇರುತ್ತದೆ, ಅದರ ಮೇಲೆ ಬೆರೆಸಿಟ್ಟ ಕೂಲೆಂಟ್ ಸುರಿದರೆ ಮಿಶ್ರಣ ತೆಳುವಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಒಟ್ಟು ಹತ್ತು ಲೀಟರ್ ಎಂದಿದ್ದರೆ, ನೀರು ಬೆರೆಸದ ಗಟ್ಟಿ ಕೂಲೆಂಟನ್ನು ಐದು ಲೀಟರ್ ಮೊದಲು ಹಾಕಿ, ಉಳಿದ ಜಾಗವನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿ. ಅರ್ಧಕ್ಕಿಂತ ಹೆಚ್ಚು ಗ್ಲೈಕಾಲ್ ಹಾಕಿದರೆ ಲಾಭವಿಲ್ಲ, ಏಕೆಂದರೆ ಶಾಖ ಹೊರುವ ಶಕ್ತಿ ನೀರಿಗಿರುವಷ್ಟು ಅದಕ್ಕಿಲ್ಲ. ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಗಾಳಿ ಹೊರಬಿಡಿ. ಆಮೇಲೆ ಒಂದು ವಾರ ದಿನವೂ ಬೆಳಿಗ್ಗೆ ತಣ್ಣಗಿರುವಾಗ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ನೋಡಿ. ಮೊದಲ ಒಂದೆರಡು ದಿನ ಗಾಳಿ ಹೋದಂತೆ ಸ್ವಲ್ಪ ಇಳಿಯಬಹುದು, ಆ ಮೇಲೂ ಇಳಿಯುತ್ತಿದ್ದರೆ ಸೋರಿಕೆ ಇನ್ನೂ ಸಿಕ್ಕಿಲ್ಲ.

ಪ್ರಶ್ನೆ: ಹಳೆಯ ಗಾಡಿಯೊಂದನ್ನು ಕೊಂಡಿದ್ದೇನೆ. ಒಳಗೆ ಹಸಿರು ಕೂಲೆಂಟ್ ಇದೆ, ಅಂಗಡಿಯಲ್ಲಿ ಗುಲಾಬಿ ಬಣ್ಣದ್ದು ಸಿಗುತ್ತಿದೆ. ಬೆರೆಸಬಹುದೇ?
– ಓದುಗರು, ಮುಳಬಾಗಿಲು

ಉತ್ತರ: ಬೆರೆಸಬೇಡಿ, ಆದರೆ ಬಣ್ಣವನ್ನು ನಂಬಿ ನಿರ್ಧರಿಸಲೂ ಬೇಡಿ. ಬಣ್ಣ ತಯಾರಕರು ಹಾಕುವ ಡೈ ಅಷ್ಟೇ. ಒಂದೇ ಬಣ್ಣದ ಎರಡು ಕೂಲೆಂಟ್‌ಗಳ ತುಕ್ಕುನಿರೋಧಕ ರಾಸಾಯನಿಕಗಳು ಬೇರೆ ಬೇರೆ ಇರಬಹುದು. ಹಳೆಯ ಬಗೆಯ ಸಿಲಿಕೇಟ್, ಫಾಸ್ಫೇಟ್ ಕೂಲೆಂಟ್‌ಗಳ ಆಯಸ್ಸು ಸುಮಾರು ಎರಡು ವರ್ಷ, ಸಾವಯವ ಆಮ್ಲಗಳ ಬಗೆಯದ್ದು ಸುಮಾರು ಐದು ವರ್ಷ. ಎರಡನ್ನೂ ಬೆರೆಸಿದರೆ ದೀರ್ಘಾಯುಷ್ಯದ್ದರ ಪ್ರಯೋಜನ ಹೋಗುತ್ತದೆ, ಕೆಲವೊಮ್ಮೆ ಒಳಗೆ ಗಸಿ ಕೂರುತ್ತದೆ. ಕೈಪಿಡಿ ಹೇಳುವ ಬಗೆಯನ್ನು ಡಬ್ಬಿಯ ಮೇಲಿನ ಬರಹದೊಂದಿಗೆ ಹೋಲಿಸಿ. ಜೆಐಎಸ್ ಕೆ 2234 ಅಥವಾ ಎಎಸ್‌ಟಿಎಂ ಡಿ 3306 ಎಂಬ ಮಾನಕದ ಗುರುತಿದೆಯೇ ನೋಡಿ. ಹಿಂದಿನವರು ಏನು ಹಾಕಿದ್ದರೆಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ತೊಳೆದು ಹೊಸದಾಗಿ ತುಂಬುವುದೇ ಸರಿ.

ಪ್ರಶ್ನೆ: ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕಬಹುದೆಂದು ಲಾರಿ ಚಾಲಕರಾದ ನಮ್ಮ ಚಿಕ್ಕಪ್ಪ ಹೇಳುತ್ತಾರೆ. ನಿಜವೇ?
– ಓದುಗರು, ಶಿರಾ

ಉತ್ತರ: ತಮ್ಮ ಚಿಕ್ಕಪ್ಪನವರ ಅನುಭವ ಸುಳ್ಳಲ್ಲ. ಪುಡಿ ಸೂಕ್ಷ್ಮ ರಂಧ್ರಕ್ಕೆ ಕಚ್ಚಿಕೊಂಡು ಸೋರಿಕೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ರಾತ್ರಿ ಪಾವಗಡದ ದಾರಿಯಲ್ಲಿ ಒಬ್ಬರೇ ಸಿಕ್ಕಿಕೊಂಡರೆ ಮನೆ ಮುಟ್ಟಲು ಅದು ನೆರವಾಗಬಹುದು. ಆದರೆ ಸೋರುವ ರಂಧ್ರಕ್ಕೂ ನೀರು ಹರಿಯಬೇಕಾದ ಸಣ್ಣ ಕೊಳವೆಗೂ ಇರುವ ವ್ಯತ್ಯಾಸ ಪುಡಿಗೆ ತಿಳಿಯುವುದಿಲ್ಲ. ಹೀಟರ್ ಮತ್ತು ರೇಡಿಯೇಟರಿನ ಕಿರಿದಾದ ಕೊಳವೆಗಳಲ್ಲಿಯೂ ಅದು ಕೂರುತ್ತದೆ. ಅಂಗಡಿಯ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಇದೇ ಮಾತು. ಮನೆ ಮುಟ್ಟಿದ ಮರುದಿನವೇ ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ರಿಪೇರಿ ಮಾಡಿಸಿ. ದಾರಿಯಲ್ಲಿ ಬಿಸಿಯಾದಾಗ ಎ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಒಂದು ಗಂಟೆಯಾದರೂ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ, ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಮುಖ ಸುಡುತ್ತದೆ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಎರಚಿದರೆ ಹೆಡ್ ಸೀಳಬಹುದು.

ಪ್ರಶ್ನೆ: ಕೂಲೆಂಟನ್ನು ಮನೆಯಲ್ಲಿಯೇ ಬದಲಾಯಿಸಿದೆ. ಹಳೆಯದನ್ನು ತೆಂಗಿನ ಬುಡಕ್ಕೆ ಸುರಿಯಬಹುದೇ?
– ಓದುಗರು, ತಿಪಟೂರು

ಉತ್ತರ: ದಯವಿಟ್ಟು ಬೇಡ. ಎಥಿಲೀನ್ ಗ್ಲೈಕಾಲ್ ವಿಷ, ಮತ್ತು ಅದರ ರುಚಿ ಸಿಹಿ. ನೆಲದ ಮೇಲೆ, ಬಾಣಲೆಯಲ್ಲಿ ನಿಂತದ್ದನ್ನು ನಾಯಿ, ಬೆಕ್ಕು, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಸ್ವಲ್ಪ ಪ್ರಮಾಣವೂ ಮಕ್ಕಳಿಗೆ ಅಪಾಯಕಾರಿ. ಬಣ್ಣದ ನೀರೆಂದು ಮಗು ಕುಡಿದದ್ದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ಹಳೆಯ ಕೂಲೆಂಟನ್ನು ಬಿಗಿಯಾದ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ವಿಷ ಎಂದು ದಪ್ಪ ಅಕ್ಷರದಲ್ಲಿ ಬರೆದು, ಹಳೆಯ ಆಯಿಲ್ ಮತ್ತು ಕೂಲೆಂಟ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಮಾತ್ರ ಎಂದೂ ತುಂಬಿಡಬೇಡಿ. ಅಂಗಳದಲ್ಲಿ ಚೆಲ್ಲಿದ್ದರೆ ಮಣ್ಣು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಅದನ್ನು ಬಳಿದು ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಆ ಜಾಗವನ್ನು ತೊಳೆಯುವವರೆಗೆ ದನಕರುಗಳನ್ನು ಅತ್ತ ಬಿಡಬೇಡಿ.