ಮೇ ಬಂದರೂ ಬಟರ್‌ಫ್ಲೈ ವೀಡ್ ಚಿಗುರಿಲ್ಲ. ಕಿತ್ತು ಬೇರೆ ಕಡೆ ನೆಡಲೇ? ಯಾವ ಗೊಬ್ಬರ ಹಾಕಲಿ?

ದಯವಿಟ್ಟು ಕೀಳಬೇಡಿ. ನಾನು ಕಿತ್ತು ಅನುಭವಿಸಿದ್ದೇನೆ.

ನಾವಿರುವುದು ಅಮೆರಿಕದ ಇಲಿನಾಯ್‌ನಲ್ಲಿ. ಇಲ್ಲಿಗೆ ಬಂದ ಎರಡನೇ ವರ್ಷ ಹಿತ್ತಲಲ್ಲಿ ಮೂರು ಸಸಿ ನೆಟ್ಟೆ. ಇದು ಇಲ್ಲಿನ ಪ್ರೇರಿ ಹುಲ್ಲುಗಾವಲಿನದೇ ಗಿಡ, ನಮ್ಮೂರ ಎಕ್ಕಕ್ಕೆ ಹತ್ತಿರದ ನೆಂಟ. ಆದರೆ ಎಲೆ ಮುರಿದರೆ ಎಕ್ಕದ ಹಾಗೆ ಹಾಲು ಬರುವುದಿಲ್ಲ. ಚಳಿಗಾಲಕ್ಕೆ ಕಡ್ಡಿಗಳೆಲ್ಲ ಒಣಗಿದವು. ಚೆನ್ನಾಗಿ ಕಾಣುವುದಿಲ್ಲ ಅಂತ ಬುಡಕ್ಕೇ ಕತ್ತರಿಸಿ ಎಸೆದೆ. ಗಿಡ ಎಲ್ಲಿತ್ತು ಅನ್ನುವ ಗುರುತೂ ಉಳಿಯಲಿಲ್ಲ.

ಏಪ್ರಿಲ್ ಕೊನೆಗೆ ಅಕ್ಕಪಕ್ಕದ್ದೆಲ್ಲ ಹಸಿರಾಯಿತು, ಇದು ಮಾತ್ರ ಇಲ್ಲ. ಸತ್ತೇ ಹೋಗಿದೆ ಅಂದುಕೊಂಡು ಸಲಿಕೆ ಹಾಕಿದೆ. ಲಟಕ್ ಅಂತ ಸದ್ದು. ಮಣ್ಣು ಸರಿಸಿ ನೋಡಿದರೆ ಕ್ಯಾರೆಟ್ ದಪ್ಪದ ಬೇರು ಎರಡು ತುಂಡಾಗಿತ್ತು. ಒಳಗೆಲ್ಲ ಬೆಳ್ಳಗೆ, ಗಟ್ಟಿಯಾಗಿತ್ತು. ತಲೆಯಲ್ಲಿ ಅಕ್ಕಿಕಾಳಿನಷ್ಟು ಗುಲಾಬಿ ಬಣ್ಣದ ಮೊಳಕೆ. ಇನ್ನೆರಡು ವಾರ ಬಿಟ್ಟಿದ್ದರೆ ಮೇಲೆ ಬರುತ್ತಿತ್ತು. ತಕ್ಷಣ ಮತ್ತೆ ಮಣ್ಣು ಮುಚ್ಚಿದೆ. ಪಾಪ ಅಂತ ದಿನಾ ನೀರು ಹಾಕಿದೆ. ಅದರಿಂದ ಇನ್ನೂ ಬೇಗ ಕೊಳೆಯಿತು.

ಈ ಗಿಡದ ಜೀವವೆಲ್ಲ ಆ ತಾಯಿಬೇರಿನಲ್ಲಿದೆ. ಅದು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಬರ ತಡೆಯುವುದು ಅದರಿಂದಲೇ, ಜಾಗ ಬದಲಿಸಿದರೆ ಸಾಯುವುದೂ ಅದು ತುಂಡಾಗುವುದರಿಂದಲೇ. ಮಣ್ಣು ಚೆನ್ನಾಗಿ ಬೆಚ್ಚಗಾಗುವವರೆಗೆ ಅದು ಏಳುವುದಿಲ್ಲ. ತಡ ಮಾಡುವುದೇ ಅದರ ಸ್ವಭಾವ.

ಇನ್ನು ಗೊಬ್ಬರ. ಯಾವುದು ಅನ್ನುವ ಪ್ರಶ್ನೆಯೇ ಬೇಡ, ಏನೂ ಹಾಕಬೇಡಿ. ಬಡ ಮಣ್ಣಿನಲ್ಲಿ ಬೆಳೆದ ಗಿಡ ಇದು. ಗೊಬ್ಬರ ಜಾಸ್ತಿಯಾದರೆ ಕಾಂಡ ಉದ್ದವಾಗಿ ವಾಲುತ್ತದೆ. ಮೊದಲ ವರ್ಷ ಬೇರು ಹಿಡಿಯುವವರೆಗೆ ನೀರು ಬೇಕು, ಆಮೇಲೆ ಮಳೆ ಸಾಕು. ಬಿಸಿಲು ಪೂರ್ತಿ ಬೀಳಬೇಕು, ನೀರು ನಿಲ್ಲಬಾರದು. ಹಳದಿ ಹೇನು ಮುತ್ತಿದರೆ ಔಷಧಿ ಹೊಡೆಯಲೇಬೇಡಿ, ಮೊನಾರ್ಕ್ ಚಿಟ್ಟೆಯ ಹುಳಗಳೂ ಅದೇ ಎಲೆ ತಿನ್ನುತ್ತವೆ. ಪೈಪಿನ ನೀರು ಜೋರಾಗಿ ಬಿಟ್ಟರೆ ಹೇನು ಉದುರುತ್ತದೆ. ಬಿಡುವ ಮುಂಚೆ ಹುಳ ಇದೆಯಾ ನೋಡಿಕೊಳ್ಳಿ.

ಬೇರೆ ಕಡೆಯೂ ಗಿಡ ಬೇಕಾದರೆ ಇದನ್ನು ಮುಟ್ಟದೆ ನವೆಂಬರಿನಲ್ಲಿ ಅಲ್ಲಿ ಬೀಜ ಚೆಲ್ಲಿ. ಚಳಿ ತಿಂದ ಮೇಲೇ ಅದು ಚೆನ್ನಾಗಿ ಮೊಳೆಯುವುದು. ಹೂ ಬಿಡಲು ಎರಡು ಮೂರು ವರ್ಷ ಹಿಡಿಯುತ್ತದೆ.

ನಾನು ಮುಟ್ಟದೆ ಬಿಟ್ಟ ಉಳಿದೆರಡು ಗಿಡ ಮೇ ಮೂರನೇ ವಾರ ಚಿಗುರಿದವು. ಜುಲೈನಲ್ಲಿ ಕಿತ್ತಳೆ ಬಣ್ಣದ ಹೂ ಮೈತುಂಬ. ನಿಮ್ಮ ಗಿಡ ಇದ್ದ ಜಾಗದ ಪಕ್ಕ ಇವತ್ತೇ ಒಂದು ಕೋಲು ಊರಿ, ಜೂನ್ ಮಧ್ಯದವರೆಗೆ ಆ ಕಡೆ ಸಲಿಕೆ ತರಬೇಡಿ.