ಡ್ಯೂಸೆಲ್ಡಾರ್ಫಿನಲ್ಲಿ ಯಾರ 'ನೇ' ಹೌದು, ಯಾರದ್ದು ಇಲ್ಲ?

ತಮ್ಮಾ, ನೀನು ಕೇಳಿದ್ದು ಇಷ್ಟು: ಜರ್ಮನಿಯ ಡ್ಯೂಸೆಲ್ಡಾರ್ಫಿಗೆ ಬಂದು ಎರಡು ತಿಂಗಳಾಯಿತು, ಬೆಂಗಳೂರಲ್ಲೇ ಜರ್ಮನ್ ಭಾಷೆಯ ಎರಡನೇ ಹಂತ, ಎ2, ಮುಗಿಸಿಕೊಂಡು ಬಂದಿದ್ದೇನೆ, ಆದ್ರೂ ಇಲ್ಲಿ ಎಲ್ಲರೂ ಮಾತಿಗೊಂದು 'ನೇ' ಅನ್ನುತ್ತಾರೆ, ಒಬ್ಬರದ್ದು ಹೌದು ಅನ್ನೋ ಥರ, ಇನ್ನೊಬ್ಬರದ್ದು ಇಲ್ಲ ಅನ್ನೋ ಥರ, ನನ್ನ ಜರ್ಮನ್ ಅಷ್ಟು ಕೆಟ್ಟದಾ ಅಕ್ಕಾ, ಅಂತ. ನಿನ್ನ ಜರ್ಮನ್‌ಗೆ ಏನೂ ಆಗಿಲ್ಲ. ನಿನ್ನ ಕಿವಿಗೆ ಬೀಳುತ್ತಿರುವ 'ನೇ'ಗಳಲ್ಲಿ ಎಷ್ಟೋ ಜರ್ಮನ್ ಪದವೇ ಅಲ್ಲ.

ಮೊದಲು ಜರ್ಮನ್ನರದ್ದನ್ನೇ ನೋಡು. ಇಲ್ಲ ಅನ್ನುವುದಕ್ಕೆ ಕ್ಲಾಸಿನಲ್ಲಿ 'ನೈನ್' ಅಂತ ಕಲಿಸಿರುತ್ತಾರೆ. ಇಲ್ಲಿ ಮಾತಿನ ಭರದಲ್ಲಿ ಅದು 'ನೇ' ಆಗುತ್ತದೆ. ಎಳೆದು, ದನಿ ಇಳಿಸಿ ಅಂದರೆ ಇಲ್ಲ, ಬೇಡ. ಅದೇ ಗಿಡ್ಡವಾಗಿ ಮಾತಿನ ಕೊನೆಗೆ ಅಂಟಿಕೊಂಡು, ದನಿ ಮೇಲೇರಿದರೆ ನಮ್ಮ 'ಅಲ್ವಾ'. ನಮ್ಮ ಪಕ್ಕದ ಮನೆ ಅಜ್ಜಿ ಕಸದ ಡಬ್ಬಿ ಹತ್ರ ಸಿಕ್ಕಾಗೆಲ್ಲ 'ಕಾಲ್ಟ್ ಹೊಯ್ಟೆ, ನೆ?' ಅನ್ನುತ್ತಾರೆ. ಇವತ್ತು ಚಳಿ, ಅಲ್ವಾ ಅಂತ. ಅದಕ್ಕೆ ಸುಮ್ನೆ 'ಯಾ', ಅಂದರೆ ಹೌದು, ಅಂದುಬಿಟ್ಟರೆ ಸಾಕು. ಈ 'ನೆ?' ಕೂಡ ದೇಶದ ತುಂಬ ಒಂದೇ ಥರ ಇಲ್ಲ. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆಯವರು 'ಗೆಲ್?' ಅನ್ನುತ್ತಾರೆ, ಬರ್ಲಿನ್ನಿನವರು 'ವಾ?' ಅನ್ನುತ್ತಾರೆ, ಮೈಸೂರಿನ 'ಅಲ್ವಾ' ಧಾರವಾಡಕ್ಕೆ ಹೋಗುವಷ್ಟರಲ್ಲಿ 'ಹೌದಿಲ್ಲೋ' ಆಗುವ ಹಾಗೆ.

ಇನ್ನು ನಿನ್ನ ರೂಮ್‌ಮೇಟ್. ಗ್ರೀಕ್ ಹುಡುಗ, ಫೋನಿನಲ್ಲಿ ಅಮ್ಮನಿಗೆ 'ನೆ, ನೆ, ನೆ' ಅಂತ ಒಂದೇ ಸಮ ಹೇಳುತ್ತಿರುತ್ತಾನೆ, ಪಾಪ ಏನು ಜಗಳವೋ ಅಂತ ಬರೆದಿದ್ದೆ. ಜಗಳ ಅಲ್ಲ ಮಾರಾಯ, ಅವನು 'ಹೂಂ ಅಮ್ಮಾ, ಹೂಂ ಅಮ್ಮಾ' ಅನ್ನುತ್ತಿದ್ದಾನೆ. ಗ್ರೀಕಿನಲ್ಲಿ 'ನೆ' ಅಂದರೆ ಹೌದು. ಇಲ್ಲ ಅನ್ನುವುದಕ್ಕೆ 'ಓಹಿ'. ಒಮ್ಮೊಮ್ಮೆ ಅದನ್ನೂ ಹೇಳದೆ, ಹುಬ್ಬೇರಿಸಿ ತಲೆಯನ್ನು ಸ್ವಲ್ಪ ಹಿಂದಕ್ಕೆ ಎತ್ತಿ 'ಚ್' ಅಂತ ಮುಗಿಸಿಬಿಡುತ್ತಾರೆ. ನೋಡಿದವರಿಗೆ ಒಪ್ಪಿಕೊಂಡ ಹಾಗೇ ಕಾಣುತ್ತದೆ.

ನಿನ್ನ ಟೀಮಿನ ಸರ್ಬಿಯಾದವನ 'ನೆ' ಮಾತ್ರ ಖಡಾಖಂಡಿತ ಇಲ್ಲ. ಕ್ರೊಯೇಷಿಯಾ, ಬಲ್ಗೇರಿಯಾ, ಚೆಕ್ ಕಡೆಯವರದ್ದೂ ಅಷ್ಟೇ. ಟರ್ಕಿಯವರ 'ನೆ?' ಅಂದರೆ ಏನು. 'ನೆ ಹಬೆರ್?' ಅಂದರೆ ಏನು ಸಮಾಚಾರ. ಅದೇ ಪದ ಎರಡು ಸಲ ಬಂದರೆ ಅರ್ಥ ಮತ್ತೆ ಬೇರೆ: 'ನೆ ಚಾಯ್, ನೆ ಕಾಹ್ವೆ' ಅಂದರೆ ಟೀನೂ ಅಲ್ಲ, ಕಾಫಿನೂ ಅಲ್ಲ. ನಮಗೇನು ಕಮ್ಮಿ? 'ಏನೇ', 'ನಾನೇನೇ', 'ಮೂರನೇ' ಅಂತ ನಾವೂ ದಿನಾ ಬಳಸುತ್ತಲೇ ಇರುತ್ತೇವೆ, ಗಮನಕ್ಕೆ ಬರುವುದಿಲ್ಲ ಅಷ್ಟೇ.

ಇಷ್ಟೆಲ್ಲ 'ನೇ'ಗಳು ಇದೇ ಕಡೆ ಯಾಕೆ ಬಂದು ಸೇರಿದವು ಅಂದರೆ, ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆ, ಗಣಿಗಳಿಗೆ ಕೈ ಸಾಲದಾಯಿತು. ಆಗ ಸರ್ಕಾರ ಒಂದೊಂದೇ ದೇಶದ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಗ್ರೀಸ್ ಜೊತೆ 1960ರಲ್ಲಿ, ಟರ್ಕಿ ಜೊತೆ 1961ರಲ್ಲಿ, ಯುಗೊಸ್ಲಾವಿಯಾ (ಸರ್ಬಿಯಾ, ಕ್ರೊಯೇಷಿಯಾ ಆಗ ಅದರೊಳಗೇ ಇದ್ದವು) ಜೊತೆ 1968ರಲ್ಲಿ. ದಕ್ಷಿಣ ಕೊರಿಯಾದಿಂದಲೂ 1963ರಿಂದ ಗಂಡಸರು ಇಲ್ಲೇ ಪಕ್ಕದ ರೂರ್ ಪ್ರದೇಶದ ಕಲ್ಲಿದ್ದಲ ಗಣಿಗಳಿಗೆ ಬಂದರು, ಹೆಣ್ಣುಮಕ್ಕಳು ನರ್ಸ್‌ಗಳಾಗಿ ಬಂದರು. 1973ರಲ್ಲಿ ಕರೆಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು, ಆದರೆ ಬಂದವರಲ್ಲಿ ಬಹಳ ಜನ ಇಲ್ಲೇ ಉಳಿದರು. ಜಪಾನಿನವರ ದಾರಿ ಬೇರೆ. ಅವರು 1950ರ ದಶಕದಿಂದ ಉಕ್ಕು, ಯಂತ್ರಗಳ ವ್ಯಾಪಾರಕ್ಕೆ ಬಂದವರು. ರೈಲ್ವೆ ಸ್ಟೇಷನ್‌ನಿಂದ ಹೊರಟ ಹಾಗೇ ಇಮ್ಮರ್‌ಮಾನ್ ರಸ್ತೆ ಸಿಗುತ್ತದಲ್ಲ, ಅಲ್ಲಿನ ಬೋರ್ಡುಗಳನ್ನು ನೋಡು, ಗೊತ್ತಾಗುತ್ತದೆ.

ಅದೇ ರಸ್ತೆಯ ಜಪಾನಿ ಅಂಗಡಿಯಲ್ಲಿ ಅಕ್ಕಿ ತಗೊಳ್ಳುವಾಗ ಕಿವಿ ಕೊಡು. ಚಳಿಗಾಲದಲ್ಲಿ ಗಿರಾಕಿಗಳು ಒಬ್ಬರಿಗೊಬ್ಬರು 'ಸಮುಯಿ ದೆಸು ನೆ' ಅನ್ನುತ್ತಿರುತ್ತಾರೆ. ಚಳಿ, ಅಲ್ವಾ! ಪಕ್ಕದ ಮನೆ ಅಜ್ಜಿ ಹೇಳಿದ್ದೂ ಇದನ್ನೇ, ಕೊನೆಗೆ ಅದೇ 'ನೆ' ಹಚ್ಚಿ. ಎರಡು ಭಾಷೆಗಳಿಗೂ ನೆಂಟಸ್ತನ ಇಲ್ಲ. ನನಗಂತೂ ಇದು ಈಗಲೂ ಮಜಾ ಕೊಡುತ್ತದೆ.

ಕೊರಿಯಾದವರ 'ನೆ' ಹೌದು ಅನ್ನುವುದಕ್ಕೆ. ಆದರೆ ಎಷ್ಟೋ ಸಲ ಅದು 'ಹೇಳಿ, ಕೇಳುತ್ತಿದ್ದೇನೆ' ಅನ್ನುವಷ್ಟೇ, ನಮ್ಮ 'ಹೂಂ' ಥರ. ನೀನು ಹೇಳಿದ್ದಕ್ಕೆಲ್ಲ ಒಪ್ಪಿದರು ಅಂದುಕೊಳ್ಳಬೇಡ. ಇನ್ನೊಂದು ವಿಷಯದಲ್ಲೂ ಅವರು ನಮ್ಮ ಹಾಗೇ. 'ನಾಳೆ ಬರಲ್ವಾ?' ಅಂತ ಕೇಳಿದರೆ ನಾವು 'ಹೂಂ, ಬರಲ್ಲ' ಅನ್ನುತ್ತೇವಲ್ಲ, ಅವರೂ ಹಾಗೇ ಅನ್ನುತ್ತಾರೆ. ಜರ್ಮನ್ನರು ಹಾಗಲ್ಲ, ಅದಕ್ಕೆ ಕೊನೆಗೆ ಬರುತ್ತೇನೆ.

ಯಾರ 'ನೇ'ಗೆ ಯಾವ ಅರ್ಥ ಅಂತ ಪಟ್ಟಿ ಮಾಡಿ ಉರು ಹೊಡೆಯಬೇಡ. ಜರ್ಮನ್ ಮಾತಾಡುವಾಗ ಈ ಹೊರಗಿನಿಂದ ಬಂದವರೂ ಸಾಮಾನ್ಯವಾಗಿ 'ಯಾ', 'ನೈನ್' ಅಂತಲೇ ಅನ್ನುತ್ತಾರೆ. ಸುಸ್ತಾದಾಗ, ಆತುರದಲ್ಲಿ, ಫೋನಿನಲ್ಲಿ ಮಾತ್ರ ತಾಯಿನುಡಿಯ ಗಿಡ್ಡ ಪದ ಬಾಯಿಗೆ ಬಂದುಬಿಡುತ್ತದೆ. ಆಗ ತಿರುಗಿ ಒಂದು ಸಲ ಕ್ರಿಯಾಪದ ಇಟ್ಟು ಕೇಳು: 'ಆಲ್ಸೊ, ಕೊಮ್ಮೆನ್ ಸೀ?' ಅಂದರೆ, ಹಾಗಾದರೆ ಬರುತ್ತೀರಾ? ಯಾರೂ ತಪ್ಪು ತಿಳಿಯುವುದಿಲ್ಲ. ತಲೆ ನೋಡಿ ತೀರ್ಮಾನ ಮಾಡಬೇಡ. ಬಲ್ಗೇರಿಯಾದವರು ಹೌದು ಅನ್ನುವಾಗ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ನಾವು ತಲೆ ಆಡಿಸುವುದು ಹೌದೋ ಇಲ್ಲವೋ ಅಂತ ಜರ್ಮನ್ನರಿಗೂ ತಿಳಿಯುವುದಿಲ್ಲ, ಆದ್ದರಿಂದ ನೀನೂ ಬಾಯಿಬಿಟ್ಟು ಹೇಳು.

ಈಗ, 'ಬರಲ್ವಾ?' ಥರದ ಪ್ರಶ್ನೆಗೆ ಜರ್ಮನ್ನರು ನಮ್ಮ ಹಾಗಲ್ಲ ಅಂದೆನಲ್ಲ, ಆ ಬಿಟ್ಟಿದ್ದ ವಿಷಯ. ಡಾಕ್ಟರ್ ಹತ್ರ ಹೋದಾಗ 'ಮಾತ್ರೆ ಏನೂ ತಗೊಳ್ಳುತ್ತಿಲ್ಲ ತಾನೇ?' ಅಂತ ಕೇಳುತ್ತಾರೆ. ಕನ್ನಡದ ಅಭ್ಯಾಸದಲ್ಲಿ 'ಯಾ' ಅಂದುಬಿಡುತ್ತೇವೆ, ಹೌದು, ತಗೊಳ್ಳುತ್ತಿಲ್ಲ ಅಂತ. ಅವರಿಗೆ ಅದು ಅರ್ಥವಾಗುವುದಿಲ್ಲ. ತಗೊಳ್ಳುತ್ತಿಲ್ಲ ಅಂದರೆ 'ನೈನ್' ಅನ್ನು. ತಗೊಳ್ಳುತ್ತಿದ್ದರೆ 'ದೊಖ್' ಅನ್ನು, ಅಂದರೆ ಇಲ್ಲ ಅಂದಿರಲ್ಲ, ಇದೆ ಅಂತ. ಎ2 ಪುಸ್ತಕದಲ್ಲಿ ಇದು ಒಂದು ಮೂಲೆಯಲ್ಲಿ ಇರುತ್ತದೆ, ಯಾರೂ ಒತ್ತಿ ಹೇಳಿಕೊಡುವುದಿಲ್ಲ. ಮುಂದಿನ ಹಂತ ಬಿ1 ಸೇರಬೇಕಾ ಅಂತಲೂ ಕೇಳಿದ್ದೆಯಲ್ಲ, ಸೇರು. ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ದೊಡ್ಡವರಿಗಾಗಿ ಇರುವ ಸಾರ್ವಜನಿಕ ಕಲಿಕಾ ಕೇಂದ್ರದಲ್ಲಿ, ಸಂಜೆ ಕ್ಲಾಸುಗಳಿರುತ್ತವೆ, ಖಾಸಗಿಯವರಿಗಿಂತ ಸಾಮಾನ್ಯವಾಗಿ ಅಗ್ಗ. ಸೀಟು ಬೇಗ ತುಂಬುತ್ತದೆ, ತಡ ಮಾಡಬೇಡ.