ರಜೆಯಲ್ಲಿ ಇಲ್ಲದ ಕೆಮ್ಮು

(ಹೆಸರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕುಟುಂಬದ ಒಪ್ಪಿಗೆ ಇದೆ.)

ಹೊಸನಗರ ತಾಲ್ಲೂಕಿನ ಅಡಿಕೆ ಕೃಷಿಕರ ಮನೆಯ ಸುಧೀರನಿಗೆ 26 ವರ್ಷ. ಬೆಂಗಳೂರಿನ ವಿಮಾನ ನಿರ್ವಹಣಾ ಹ್ಯಾಂಗರ್ ಒಂದರಲ್ಲಿ ಗುತ್ತಿಗೆ ಪೇಂಟರ್. ವಿಮಾನದ ಮೈಯ ಹಳೆಯ ಬಣ್ಣ ಉಜ್ಜಿ ತೆಗೆಯುವುದು, ಪ್ರೈಮರ್ ಬಳಿಯುವುದು, ಮೇಲ್ಬಣ್ಣ ಸಿಂಪಡಿಸುವುದು ಅವನ ಕೆಲಸ. ಕೆಲವು ತಿಂಗಳುಗಳಿಂದ ರಾತ್ರಿ ಎದೆ ಬಿಗಿದು ಎದ್ದು ಕೂರುತ್ತಿದ್ದ. ಕೆಮ್ಮು, ಜೊತೆಗೆ ಸತ್ತೇಹೋಗುತ್ತೇನೆಂಬ ದಿಗಿಲು. ಅಲ್ಲಿನ ವೈದ್ಯರೊಬ್ಬರು ಆತಂಕವೆಂದು ಮಾತ್ರೆ ಬರೆದು, ಆಪ್ತಸಲಹೆ ಪಡೆಯಲು ಹೇಳಿದ್ದರು. ಆಪ್ತಸಲಹೆಗೆಂದು ಶಿವಮೊಗ್ಗಕ್ಕೆ ನನ್ನ ಬಳಿ ಕರೆತಂದ ತಂದೆಯ ತೀರ್ಪು ಇನ್ನೂ ಖಚಿತವಾಗಿತ್ತು: “ಊರಿಗೆ ಬಂದ ಮೂರನೆಯ ದಿನಕ್ಕೆ ಗುಂಡುಕಲ್ಲಿನ ಹಾಗೆ ಇರುತ್ತಾನೆ ಮೇಡಂ. ಹೊರಡುವ ದಿನ ಮುಖ ಬಾಡುತ್ತದೆ. ಮಾಣಿಗೆ ದುಡಿಯುವ ಮನಸ್ಸಿಲ್ಲ, ಅಷ್ಟೇ.”

ಮಗನ ವಿರುದ್ಧ ಅವರು ಕೊಟ್ಟ ಆ ಸಾಕ್ಷ್ಯವೇ ನನಗೆ ಅವನ ಪರವಾಗಿ ಕೇಳಿಸಿತು. ಕೆಲಸಕ್ಕೆ ಹೆದರುವವರಿಗೂ ರಜೆಯಲ್ಲಿ ಹಗುರಾಗುತ್ತದೆ, ನಿಜ. ಆದರೆ ದುಡಿಯುವ ದಿನಗಳಲ್ಲಿ ಹೆಚ್ಚಿ, ರಜೆಯಲ್ಲಿ ಇಳಿದು, ಮರಳಿದೊಡನೆ ಮತ್ತೆ ಹಿಡಿಯುವ ಕೆಮ್ಮು ಔದ್ಯೋಗಿಕ ಆಸ್ತಮಾದ, ಅಂದರೆ ಕೆಲಸದ ಜಾಗದ ವಸ್ತುಗಳಿಂದ ಬರುವ ಆಸ್ತಮಾದ, ಮುಖ್ಯ ಸುಳಿವೂ ಹೌದು. ತಂದೆಯನ್ನು ಹೊರಗೆ ಕೂರಿಸಿ ಸುಧೀರನನ್ನು ಕೇಳಿದೆ: “ಕೆಮ್ಮು ಬಸ್ ಹತ್ತುವ ಮೊದಲೇ ಶುರುವಾಗುತ್ತದೆಯೋ, ಕೆಲಸ ಮಾಡಿದ ಮೇಲೋ?” ಆತ ಯೋಚಿಸಿ ಹೇಳಿದ: “ಬಸ್ಸಿನಲ್ಲಿ ಬೇಸರ ಮಾತ್ರ. ಮೇಲ್ಬಣ್ಣ ಹೊಡೆದ ದಿನದ ರಾತ್ರಿಯೇ ಕೆಮ್ಮು.”

ವಿಮಾನಗಳಿಗೆ ಹೊಡೆಯುವ ಪಾಲಿಯುರೆಥೇನ್ ಮೇಲ್ಬಣ್ಣವನ್ನು ಗಟ್ಟಿಗೊಳಿಸಲು ಬೆರೆಸುವ ದ್ರಾವಣದಲ್ಲಿ ಐಸೊಸಯನೇಟ್‌ ಎಂಬ ರಾಸಾಯನಿಕಗಳು ಇರುತ್ತವೆ. ಕೆಲವರ ದೇಹ ಇವುಗಳಿಗೆ ಒಮ್ಮೆ ಸಂವೇದನಶೀಲವಾದರೆ, ಆಮೇಲೆ ಅತ್ಯಲ್ಪ ಪ್ರಮಾಣಕ್ಕೂ ಶ್ವಾಸನಾಳ ಬಿಗಿಯುತ್ತದೆ. ಎಷ್ಟೋ ಸಲ ಕೆಲಸ ಮುಗಿದು ಗಂಟೆಗಳು ಕಳೆದ ಮೇಲೆ ಉಬ್ಬಸ ಬರುವುದರಿಂದ ಯಾರೂ ಬಣ್ಣದ ಮೇಲೆ ಗುಮಾನಿ ಪಡುವುದಿಲ್ಲ. ವಾಸನೆಯನ್ನೂ ನಂಬುವಂತಿಲ್ಲ, ಮೂಗಿಗೆ ತಿಳಿಯುವಷ್ಟರಲ್ಲಿ ಗಾಳಿಯಲ್ಲಿನ ಪ್ರಮಾಣ ಮಿತಿ ದಾಟಿರುತ್ತದೆ. ಸುಧೀರ ಹಾಕುತ್ತಿದ್ದದ್ದು ದೂಳಿನ ಮಾಸ್ಕ್. ಅದು ಆವಿಯನ್ನು ತಡೆಯುವುದಿಲ್ಲ. ಇಂಥ ಸಿಂಪರಣೆಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದುಕೊಡುವ ಮುಖಗವಸು ಬೇಕು.

ಅವನನ್ನು ನಿಜವಾಗಿ ಕಾಡುತ್ತಿದ್ದದ್ದು ಬೇರೆಯೇ. ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, 1984ರ ಭೋಪಾಲದ ಚಿತ್ರಗಳವರೆಗೆ ಹೋಗಿ ತಲುಪಿದ್ದ. ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಅದೇ ರಾಸಾಯನಿಕ ಕುಟುಂಬದ್ದಾದರೂ ಅದು ಸುಲಭವಾಗಿ ಆವಿಯಾಗುವ ವಸ್ತು, ಸೋರಿದ್ದು ಟನ್‌ಗಟ್ಟಲೆ. ಬಣ್ಣದಲ್ಲಿರುವುದು ಬೇರೆ ಸಂಯುಕ್ತ, ಅಪಾಯದ ಸ್ವರೂಪವೂ ಬೇರೆ ಎಂದು ಬಿಡಿಸಿ ಹೇಳಿದೆ. ಹಾಗೆಂದು ಸುಳ್ಳು ಧೈರ್ಯ ತುಂಬಲಿಲ್ಲ. ಹಳೆಯ ಪ್ರೈಮರ್ ಉಜ್ಜುವಾಗ ಏಳುವ ಹಳದಿ ದೂಳಿನಲ್ಲಿ ಕ್ರೋಮೇಟ್ ಎಂಬ ಕ್ರೋಮಿಯಂ ಸಂಯುಕ್ತ ಇರಬಹುದು. ಆ ಬಗೆಯ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವೆಂದು ಸಾಬೀತಾಗಿದೆ, ಮೂಗಿನ ನಡುಗೋಡೆಯಲ್ಲಿ ಹುಣ್ಣು ಮಾಡುತ್ತದೆ. ಆಗಾಗ ಮೂಗಿನಿಂದ ರಕ್ತ ಬರುವುದನ್ನು ಆತ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗುತ್ತಿಗೆದಾರ ನಾಳೆಯಿಂದ ಬರಬೇಡ ಎನ್ನುತ್ತಾನೆಂಬ ಅಳುಕು.

ತಂದೆಯನ್ನು ಒಪ್ಪಿಸುವುದೇ ಹೆಚ್ಚು ಹೊತ್ತು ಹಿಡಿಯಿತು. “ನಾವು ವರ್ಷವೂ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತೇವೆ. ಕೊನೆಗಾರರು ಮುಖಕ್ಕೊಂದು ಟವೆಲ್ ಸುತ್ತಿಕೊಂಡರೆ ಮುಗಿಯಿತು. ಯಾರಿಗೆ ಏನಾಗಿದೆ?” ಎಂದರು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಮತ್ತು ಸುಣ್ಣವೇ ಬೇರೆ, ಇದೇ ಬೇರೆ ಎಂದೆ. ಟವೆಲ್ಲಿನ ಬಗ್ಗೆಯೂ ನನಗೆ ತಕರಾರಿದೆ, ಆದರೆ ಅಂದು ಅದನ್ನು ಎತ್ತಲಿಲ್ಲ. ಸೋಮಾರಿಯಾಗಿದ್ದರೆ ಊರಿನಲ್ಲಿ ತೋಟದ ಕೆಲಸಕ್ಕೂ ಮೈಗಳ್ಳತನ ಮಾಡಬೇಕಿತ್ತಲ್ಲವೇ ಎಂದು ಕೇಳಿದಾಗ ಸುಮ್ಮನಾದರು.

ನಾನು ಕೊಟ್ಟ ಮೊದಲ ಸಲಹೆ, ಶ್ವಾಸಕೋಶ ತಜ್ಞರನ್ನು ಕಾಣುವುದು. ಅದಾಗುವವರೆಗೆ ಉಸಿರಾಟದ ವ್ಯಾಯಾಮ ಹೇಳಿಕೊಡಲು ನಾನೇ ಒಪ್ಪಲಿಲ್ಲ. ಶ್ವಾಸನಾಳವೇ ಬಿಗಿದವನಿಗೆ ಆಳವಾಗಿ ಉಸಿರೆಳೆಯಿರಿ ಎನ್ನುವುದು ಕ್ರೌರ್ಯ. ಊದಿದ ಉಸಿರಿನ ವೇಗ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ವೈದ್ಯರ ಸೂಚನೆಯಂತೆ ಕೆಲಸದ ದಿನ, ರಜೆಯ ದಿನ ಎರಡರಲ್ಲೂ ದಿನಕ್ಕೆ ಕನಿಷ್ಠ 4 ಬಾರಿ ಅಳೆದು, ಅಂದು ಏನು ಕೆಲಸ ಮಾಡಿದನೆಂದು ಪಕ್ಕದಲ್ಲಿ ಬರೆದಿಡಲು ಹೇಳಿದೆ. ಬಣ್ಣಗಳ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು, ಮೂಗನ್ನು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಆತಂಕದ ಮಾತ್ರೆಯನ್ನು ತಾನೇ ನಿಲ್ಲಿಸಬಾರದು. ಸಿಟ್ಟಿನಲ್ಲಿ ರಾಜೀನಾಮೆಯನ್ನಂತೂ ಕೊಡಲೇಬಾರದು: ಕಾರ್ಮಿಕರ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಆಸ್ತಮಾ ಇದೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚೀಟಿ, ಹಾಜರಿ, ವೈದ್ಯರ ಬರಹ ಎಲ್ಲವೂ ಮುಂದೆ ಬೇಕಾಗುತ್ತವೆ.

ತಜ್ಞರು ಆಸ್ತಮಾ ಎಂದೇ ಬರೆದರು, ಮತ್ತೆ ಸಿಂಪರಣೆ ಬೇಡವೆಂದರು. ಬೇಗ ದೂರವಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. ಸುಧೀರ ಈಗ ಅದೇ ಹ್ಯಾಂಗರ್‌ನ ಉಗ್ರಾಣದಲ್ಲಿದ್ದಾನೆ. ಸಂಬಳ ಕಡಿಮೆ, ಆ ಬಗ್ಗೆ ಬೇಸರವಿದೆ. ಇನ್ಹೇಲರ್ ಮುಂದುವರಿದಿದೆ. ದಿಗಿಲು ಪೂರ್ತಿ ಹೋಗಿಲ್ಲ, ಅದಕ್ಕಾಗಿ ಈಗ ಫೋನಿನಲ್ಲಿ ಮಾತಾಡುತ್ತೇವೆ. ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಗೆ ಓದುವ ಆಸೆಯನ್ನು ಕಳೆದ ಸಲ ಹೇಳಿದ. ಶುಲ್ಕ ಕಟ್ಟುವ ಮೊದಲು, ಆ ಕೆಲಸದಲ್ಲಿ ಬಳಸುವ ಸೀಲಂಟ್ (ಸಂದು ಮುಚ್ಚುವ ಅಂಟು) ಮತ್ತು ದ್ರಾವಕಗಳ ಪಟ್ಟಿಯನ್ನು ತನ್ನ ವೈದ್ಯರಿಗೆ ತೋರಿಸಿ ಕೇಳಲು ಹೇಳಿದ್ದೇನೆ.